ಗೆಳೆಯನಿಗೊಂದು ಪತ್ರ: ರಾಬ್ ಸ್ಟಾರ್ಕನ ಎರಡು ಸಾವುಗಳು

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನಾಡಿದ ಒಂದು ಮಾತು ಇನ್ನೂ ನನ್ನ ತಲೆ ಕೊರೆಯುತ್ತಿದೆ. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ 73 ಕಂತುಗಳನ್ನೂ ನೋಡಿ ಮುಗಿಸಿದವನಿಗೆ, ಯಾರು ಯಾವಾಗ ಸಾಯುತ್ತಾರೆಂಬುದು ತಿಳಿದುಹೋದವನಿಗೆ, ಅದಕ್ಕೆ ಮೂಲವಾದ ಆ ದಪ್ಪ ಕಾದಂಬರಿಗಳಿಂದ ಹೊಸದಾಗಿ ಸಿಗುವುದಾದರೂ ಏನು ಎಂದು ನೀನು ಕೇಳಿದೆ. ಆಗ ಏನೋ ಹೇಳಿ ಸುಮ್ಮನಾದೆನಾದರೂ, ಆ ಉತ್ತರ ನನಗೇ ಸಮಾಧಾನ ತರಲಿಲ್ಲ. ಅದಕ್ಕೇ ಈ ಪತ್ರ. ಒಂದೇ ಮಾತಿನಲ್ಲಿ ಹೇಳುವುದಾದರೆ, ಪುಸ್ತಕದಲ್ಲಿ ಸಾಯುವವರು ಬಹುಪಾಲು ಅದೇ ಜನ, ಆದರೆ ಅವರು ಸಾಯುವ ಕಾರಣ ಬೇರೆ. ಕಾರಣ ಬೇರೆಯಾದಾಗ ಸಾವೂ ಬೇರೆಯೇ ಆಗುತ್ತದೆ.

ಮೊದಲು ವಿಂಟರ್‌ಫೆಲ್ ಕೋಟೆಯ ಒಡೆಯ, ರಾಬ್‌ನ ಅಪ್ಪ ನೆಡ್ ಸ್ಟಾರ್ಕನ ವಿಷಯ. 1996ರಲ್ಲಿ ಬಂದ ಮೊದಲ ಕಾದಂಬರಿಯಲ್ಲಿ ಜಾರ್ಜ್ ಆರ್. ಆರ್. ಮಾರ್ಟಿನ್ ಅಧ್ಯಾಯಗಳಿಗೆ ಪಾತ್ರಗಳ ಹೆಸರನ್ನೇ ಇಟ್ಟಿದ್ದಾರೆ. ಒಂದು ಅಧ್ಯಾಯ ಮುಗಿಯುವವರೆಗೂ ಆ ಒಬ್ಬರು ಕಂಡದ್ದು, ಕೇಳಿದ್ದು, ಮನಸ್ಸಿನಲ್ಲಿ ಅಂದುಕೊಂಡದ್ದು ಇಷ್ಟು ಬಿಟ್ಟರೆ ಬೇರೇನೂ ನಮಗೆ ತಿಳಿಯುವುದಿಲ್ಲ. ಆ ಪುಸ್ತಕದಲ್ಲಿ ಅತಿ ಹೆಚ್ಚು ಅಧ್ಯಾಯಗಳು ನೆಡ್‌ನವು. ಅಂದರೆ ನಾವು ಆ ಲೋಕವನ್ನು ಹೆಚ್ಚಾಗಿ ನೋಡಿದ್ದು ಅವನ ಕಣ್ಣಿನಿಂದಲೇ. ಆದರೆ ಅವನ ತಲೆ ಉರುಳುವ ಅಧ್ಯಾಯ ಅವನದಲ್ಲ, ಮಗಳು ಆರ್ಯಾಳದು. ಜನರ ನಡುವೆ ನುಗ್ಗಿಕೊಂಡು ಬಂದ ಆ ಹುಡುಗಿಯನ್ನು ಉತ್ತರದ ಗಡಿಗೋಡೆಯ ಕಾವಲುಪಡೆಯವನಾದ ಯೋರೆನ್ ಹಿಡಿದು, ನೋಡಬೇಡ, ಕಣ್ಣು ಮುಚ್ಚಿಕೋ ಎಂದು ಗದರುತ್ತಾನೆ. ಅವಳಿಗೆ ಕೇಳಿಸುವುದು ಲಕ್ಷಾಂತರ ಜನ ಒಮ್ಮೆಗೇ ಉಸಿರು ಬಿಟ್ಟಂಥ ಒಂದು ಮೆಲ್ಲನೆಯ ಸದ್ದು ಮಾತ್ರ. ಕತ್ತಿ ಬಿದ್ದದ್ದನ್ನು ಅವಳು ನೋಡುವುದಿಲ್ಲ, ಆದ್ದರಿಂದ ನಾವೂ ನೋಡುವುದಿಲ್ಲ. ಇದೇ ಪುಸ್ತಕದ ಆರಂಭವನ್ನು ನೆನಪಿಸಿಕೋ: ಓಡಿಹೋದ ಕಾವಲುಗಾರನ ತಲೆಯನ್ನು ನೆಡ್ ತನ್ನ ಕೈಯಾರೆ ಕಡಿಯುವಾಗ, ಕಣ್ಣು ತಿರುಗಿಸಬೇಡ, ತಿರುಗಿಸಿದರೆ ಅಪ್ಪನಿಗೆ ಗೊತ್ತಾಗುತ್ತದೆ ಎಂದು ಜಾನ್ ಸ್ನೋ ತನ್ನ ಪುಟ್ಟ ತಮ್ಮ ಬ್ರಾನ್‌ಗೆ ಹೇಳುತ್ತಾನೆ. ಒಂದು ಮಗುವಿಗೆ ನೋಡೆಂದವರು ಇನ್ನೊಂದು ಮಗುವಿಗೆ ನೋಡಬೇಡವೆನ್ನುತ್ತಾರೆ, ಎರಡು ಸಲವೂ ಕತ್ತಿ ಅದೇ. ಧಾರಾವಾಹಿಯಲ್ಲೂ ಈ ಎರಡು ಮಾತುಗಳಿವೆ, ಆದರೆ ಕ್ಯಾಮೆರಾ ಕಣ್ಣು ಮುಚ್ಚುವುದಿಲ್ಲ; ಕತ್ತಿ ಬೀಸಿದ್ದನ್ನು ನಮಗೆ ತೋರಿಸಿಯೇ ತೋರಿಸುತ್ತದೆ. ಆ ದೃಶ್ಯ ಚೆನ್ನಾಗಿಲ್ಲವೆಂದು ನಾನು ಹೇಳುತ್ತಿಲ್ಲ. ಸದ್ದೆಲ್ಲ ಅಡಗಿ, ಹಕ್ಕಿಗಳು ಹಾರಿಹೋಗುವುದನ್ನು ಆರ್ಯಾ ತಲೆಯೆತ್ತಿ ನೋಡುವ ಆ ಕ್ಷಣ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ.

ಇನ್ನು ನಾನು ನಿಜವಾಗಿ ಬರೆಯಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಕೆಂಪು ಮದುವೆ: ವಾಲ್ಡರ್ ಫ್ರೇ ಎಂಬ ಒಡೆಯ ತನ್ನ ಮನೆಯ ಮದುವೆಗೆ ಕರೆದು ರಾಬ್‌ನನ್ನೂ ಅವನ ತಾಯಿಯನ್ನೂ ಕೊಲ್ಲಿಸುವ ಪ್ರಸಂಗ. ಪುಸ್ತಕದಲ್ಲಿ ಅದು 2000ದಲ್ಲಿ ಬಂದ ‘ಎ ಸ್ಟಾರ್ಮ್ ಆಫ್ ಸೋರ್ಡ್ಸ್’ನಲ್ಲಿದೆ, ಧಾರಾವಾಹಿಯಲ್ಲಿ 2013ರ ಜೂನ್ 2ರಂದು ಪ್ರಸಾರವಾದ ಮೂರನೆಯ ಸೀಸನ್ನಿನ ಒಂಬತ್ತನೆಯ ಕಂತಿನಲ್ಲಿದೆ. ಅದನ್ನು ಬರೆಯಲಾರದೆ ಆ ಅಧ್ಯಾಯವನ್ನು ಬಿಟ್ಟು ಮುಂದೆ ಹೋಗಿ, ಇಡೀ ಪುಸ್ತಕ ಮುಗಿದ ಮೇಲೆ ಕೊನೆಗೆ ಬರೆದೆನೆಂದು ಮಾರ್ಟಿನ್ ಹೇಳಿಕೊಂಡಿದ್ದಾರೆ. ಸ್ಕಾಟ್ಲೆಂಡಿನ ಇತಿಹಾಸದ ಎರಡು ಘಟನೆಗಳು ಅವರ ಮನಸ್ಸಿನಲ್ಲಿದ್ದವಂತೆ: ಎಡಿನ್‌ಬರೋ ಕೋಟೆಗೆ ಊಟಕ್ಕೆ ಕರೆದು ಡಗ್ಲಾಸ್ ಮನೆತನದ ಎಳೆಯರನ್ನು ಕೊಂದ 1440ರ ಕಪ್ಪು ಔತಣ, ಮತ್ತು ಉಂಡ ಮನೆಯವರನ್ನೇ ಅತಿಥಿಗಳು ಕೊಂದ 1692ರ ಗ್ಲೆನ್‌ಕೋ ಹತ್ಯಾಕಾಂಡ.

ಧಾರಾವಾಹಿಯಲ್ಲಿ ರಾಬ್ ಸ್ಟಾರ್ಕ್ ರಣರಂಗದಲ್ಲಿ ಗಾಯಾಳುಗಳ ಆರೈಕೆ ಮಾಡುವ ತಲೀಸಾಳನ್ನು ಕಂಡು, ಮೆಚ್ಚಿ, ನಿನ್ನ ಮನೆಯ ಹೆಣ್ಣನ್ನೇ ಮದುವೆಯಾಗುತ್ತೇನೆಂದು ವಾಲ್ಡರ್ ಫ್ರೇಗೆ ಕೊಟ್ಟ ಮಾತನ್ನು ಮುರಿದು ಅವಳನ್ನು ಮದುವೆಯಾಗುತ್ತಾನೆ. ಅವನು ಸಾಯುವುದು ಪ್ರೀತಿಗಾಗಿ. ಪುಸ್ತಕದಲ್ಲಿ ತಲೀಸಾ ಎಂಬವಳೇ ಇಲ್ಲ. ಅಲ್ಲಿರುವವಳು ಜೇನ್ ವೆಸ್ಟರ್ಲಿಂಗ್, ರಾಬ್ ಗೆದ್ದ ಕೋಟೆಯ ಒಡೆಯನ ಮಗಳು. ಬಾಣ ತಗುಲಿ ಮಲಗಿದ್ದ ರಾಬ್‌ನನ್ನು ಅವಳು ಉಪಚರಿಸುತ್ತಾಳೆ. ತಮ್ಮಂದಿರಿಬ್ಬರೂ ಸತ್ತರೆಂಬ ಸುದ್ದಿ ಬಂದ ರಾತ್ರಿ ಅವನನ್ನು ಸಂತೈಸುತ್ತಾಳೆ, ಮರುದಿನವೇ ಅವನು ಅವಳನ್ನು ಮದುವೆಯಾಗುತ್ತಾನೆ. ಅವಳ ಮಾನ ಉಳಿಸುವುದಕ್ಕೆ ಅವನಿಗೆ ಕಂಡ ದಾರಿ ಅದೊಂದೇ. ತನ್ನ ಮಾನವನ್ನೂ, ತನ್ನ ರಾಜ್ಯವನ್ನೂ, ಕೊಟ್ಟ ಮಾತನ್ನೂ ಬಲಿಕೊಟ್ಟು ಅವನು ಆ ಹುಡುಗಿಯ ಮಾನ ಉಳಿಸಿದ. ಮದುವೆಯಿಲ್ಲದೆ ಹುಟ್ಟಿದವನೆಂಬ ಹಣೆಪಟ್ಟಿ ಹೊತ್ತ ಜಾನ್ ಸ್ನೋನೊಂದಿಗೆ ಒಂದೇ ಅಂಗಳದಲ್ಲಿ ಆಡಿ ಬೆಳೆದವನು ರಾಬ್ ಎಂಬುದನ್ನು ಇಲ್ಲಿ ಮರೆಯಬಾರದು. ತನ್ನಿಂದಾಗಿ ಇನ್ನೊಂದು ಮಗು ಆ ಪಾಡು ಪಡುವುದನ್ನು ಅವನು ಹೇಗೆ ಸಹಿಸಿಯಾನು? ಶತ್ರುವಿನ ಮಕ್ಕಳ ಮೇಲೆ ಕನಿಕರಪಟ್ಟು, ಅವರು ರಾಜನಿಗೆ ಹುಟ್ಟಿದವರಲ್ಲವೆಂದು ತಾನು ಕಂಡುಹಿಡಿದ ಗುಟ್ಟನ್ನು ಅವರ ತಾಯಿ ರಾಣಿ ಸರ್ಸೀಗೇ ಮುಂಚಿತವಾಗಿ ತಿಳಿಸಿ ತಲೆ ಕಳೆದುಕೊಂಡ ನೆಡ್‌ನ ಮಗ ಅವನು. ಪುಸ್ತಕದ ರಾಬ್ ಸಾಯುವುದು ಅಪ್ಪನಿಂದ ಬಂದ ಗುಣದಿಂದ. ಎರಡನೆಯ ಸಲ ಓದುವಾಗ ಇದು ಹೊಳೆದು, ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಹಾಗೇ ಕುಳಿತಿದ್ದೆ.

ಇನ್ನೊಂದು ವ್ಯತ್ಯಾಸವಿದೆ. ಜೇನ್ ಆ ಮದುವೆಗೆ ಹೋಗುವುದೇ ಇಲ್ಲ. ಫ್ರೇಗಳ ಕಣ್ಣಿಗೆ ಅವಳು ಬೀಳಬಾರದೆಂದು ರಾಬ್ ಅವಳನ್ನು ರಿವರ್‌ರನ್ ಕೋಟೆಯಲ್ಲೇ ಬಿಟ್ಟು ಹೋಗುತ್ತಾನೆ, ಅವಳು ಬದುಕುಳಿಯುತ್ತಾಳೆ. ಧಾರಾವಾಹಿಯಲ್ಲಾದರೋ ಗರ್ಭಿಣಿ ತಲೀಸಾಳನ್ನು ಊಟದ ಸಾಲಿನಲ್ಲಿ ಕೂರಿಸಿ, ಮೊದಲ ಇರಿತವನ್ನೇ ಅವಳ ಹೊಟ್ಟೆಗೆ ಹಾಕಿಸುತ್ತಾರೆ. ನನ್ನ ಆಕ್ಷೇಪ ಇರುವುದು ಇಲ್ಲೇ. ಆ ಇರಿತ ನಮ್ಮನ್ನು ನಡುಗಿಸುತ್ತದೆ, ನಿಜ, ಆದರೆ ಅದು ನಡುಗಿಸುವುದಕ್ಕೆಂದೇ ಸೇರಿಸಿದ್ದು. ಪುಸ್ತಕಕ್ಕೆ ಅದರ ಅಗತ್ಯವೇ ಬೀಳಲಿಲ್ಲ, ಏಕೆಂದರೆ ಭಯವನ್ನು ಅದು ಬಹಳ ಮೊದಲಿನಿಂದಲೇ ಕಟ್ಟಿಕೊಂಡು ಬಂದಿರುತ್ತದೆ. ಎರಡನೆಯ ಪುಸ್ತಕದಲ್ಲೇ ದೂರದೇಶದಲ್ಲಿರುವ ರಾಜಕುಮಾರಿ ಡೆನೇರಿಸ್‌ಗೆ ಹೆಣಗಳ ಔತಣವೂ, ತೋಳದ ತಲೆ ಹೊತ್ತ ರಾಜನೂ ದರ್ಶನದಲ್ಲಿ ಕಾಣಿಸುತ್ತಾರೆ. ರಾಬ್‌ನ ತೋಳ ಫ್ರೇಗಳನ್ನು ಕಂಡು ಗುರುಗುಟ್ಟುತ್ತದೆ. ಹೊಸ್ತಿಲು ದಾಟಿದ ಕೂಡಲೇ ರೊಟ್ಟಿ ಮತ್ತು ಉಪ್ಪನ್ನು ಕೇಳಿ ತಿನ್ನಬೇಕೆಂದು ತಾಯಿ ಕ್ಯಾಟ್ಲಿನ್ ಮಗನಿಗೆ ಎಚ್ಚರಿಸುತ್ತಾಳೆ, ಉಪ್ಪು ತಿಂದವರಿಗೆ ಆ ಮನೆಯಲ್ಲಿ ಅಪಾಯವಿಲ್ಲವೆಂಬುದು ಅಲ್ಲಿಯ ನಂಬಿಕೆ. ಊಟದುದ್ದಕ್ಕೂ ವಾದ್ಯದವರು ಅಪಸ್ವರದಲ್ಲಿ, ಕಿವಿ ಗಡಚಿಕ್ಕುವಂತೆ ಬಾರಿಸುತ್ತಾರೆ. ಮದುಮಗಳು ಅಳುತ್ತಾಳೆ, ಹೊಸ ಹೆಣ್ಣಿನ ಅಂಜಿಕೆಯಿರಬೇಕೆಂದು ಕ್ಯಾಟ್ಲಿನ್ ಅಂದುಕೊಳ್ಳುತ್ತಾಳೆ. ಕೊನೆಗೆ ಎದ್ದು ಹೊರಟ ಎಡ್ವಿನ್ ಫ್ರೇಯ ತೋಳನ್ನು ಅವಳು ಹಿಡಿದಾಗ, ರೇಷ್ಮೆಯ ತೋಳಿನೊಳಗೆ ಕಬ್ಬಿಣದ ಬಳೆಗಳು ಬೆರಳಿಗೆ ತಾಕುತ್ತವೆ. ಮದುವೆಯ ಬಟ್ಟೆಯೊಳಗೆ ಯುದ್ಧದ ಕವಚ! ಆ ಬೆರಳುಗಳು ನಮ್ಮವೇ ಆಗಿಬಿಡುತ್ತವೆ. ಧಾರಾವಾಹಿಯಲ್ಲಿ ಆ ತೋಳು ರಾಬ್‌ಗೆ ದ್ರೋಹ ಬಗೆದ ಸಾಮಂತ ರೂಸ್ ಬೋಲ್ಟನ್‌ನದು, ಕವಚವನ್ನು ನಾವು ನೋಡುತ್ತೇವೆ, ಪುಸ್ತಕದಲ್ಲಿ ಮುಟ್ಟುತ್ತೇವೆ.

ಕ್ಯಾಟ್ಲಿನ್‌ಳ ಕೊನೆಯ ಕ್ಷಣದಲ್ಲಿ ಮಾತ್ರ ಎರಡೂ ಸರಿಸಮಾನವಾಗಿ ನಿಲ್ಲುತ್ತವೆಂದು ನನ್ನ ಅಭಿಪ್ರಾಯ. ಪುಸ್ತಕದಲ್ಲಿ ಅವಳು ಒತ್ತೆಯಾಗಿ ಹಿಡಿಯುವುದು ವಾಲ್ಡರ್ ಫ್ರೇಯ ಮೊಮ್ಮಗನನ್ನು, ತಲೆಗೆ ಗೆಜ್ಜೆ ಕಟ್ಟಿಕೊಂಡು ತಿರುಗುವ ಬುದ್ಧಿಮಾಂದ್ಯನನ್ನು. ಮಗನಿಗೆ ಬದಲಾಗಿ ಮಗನೆಂದು ಅವಳು ಅಂಗಲಾಚಿದರೆ, ಅವನು ಮೊಮ್ಮಗ, ಅವನಿಂದ ಯಾವ ಉಪಯೋಗವೂ ಇರಲಿಲ್ಲ ಎಂದು ಮುದುಕ ಕೈಚೆಲ್ಲುತ್ತಾನೆ. ರಾಬ್ ಸತ್ತ ಮೇಲೆ ಅವಳು ತನ್ನ ಮುಖವನ್ನು ತಾನೇ ಉಗುರುಗಳಿಂದ ಬಗೆದುಕೊಂಡು ನಗುತ್ತಾಳೆ. ಯಾರೋ ಅವಳ ಕೂದಲನ್ನು ಹಿಡಿದಾಗ, ಕೂದಲು ಕತ್ತರಿಸಬೇಡಿ, ನೆಡ್‌ಗೆ ನನ್ನ ಕೂದಲೆಂದರೆ ಇಷ್ಟ ಎಂದುಕೊಳ್ಳುತ್ತಾಳೆ. ಈ ಒಳಮಾತನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು. ಧಾರಾವಾಹಿಯವರು ಅದನ್ನು ಹಿಡಿಯಲು ಹೋಗಲೂ ಇಲ್ಲ. ಮಿಷೆಲ್ ಫೇರ್ಲಿಯವರ ಆ ಒಂದು ಚೀತ್ಕಾರ, ಅದರ ನಂತರದ ಬರಿದಾದ ನೋಟ, ಆಮೇಲೆ ಸಂಗೀತವೇ ಇಲ್ಲದೆ ಮೌನದಲ್ಲಿ ಹಾದುಹೋಗುವ ಹೆಸರುಗಳ ಪಟ್ಟಿ. ಪುಸ್ತಕ ಮಾತಿನಿಂದ ಮಾಡಿದ್ದನ್ನು ಅವರು ಮಾತನ್ನು ತೆಗೆದುಹಾಕಿ ಮಾಡಿದರು. ಇದಕ್ಕೆ ನಾನು ಮನಸಾರೆ ಕೈಮುಗಿಯುತ್ತೇನೆ.

ಪುಸ್ತಕಗಳಿಗಿಂತ ಮುಂದೆ ಸಾಗಿದ ಮೇಲೆ ಧಾರಾವಾಹಿಯಲ್ಲಿ ಇಂಥ ಎಚ್ಚರ ಕಡಿಮೆಯಾಗುತ್ತ ಹೋಯಿತು. ಬ್ಯಾರಿಸ್ಟನ್ ಸೆಲ್ಮಿಯಂಥ ಮಹಾವೀರ ಗಲ್ಲಿಯೊಂದರ ಹೊಡೆದಾಟದಲ್ಲಿ ಮುಗಿದುಹೋಗುತ್ತಾನೆ. ಪುಸ್ತಕದಲ್ಲಿ ಅವನು ಬದುಕಿದ್ದಾನೆ, ಅವನ ದೃಷ್ಟಿಯಿಂದ ಬರೆದ ಅಧ್ಯಾಯಗಳೂ ಇವೆ. ಸಿಂಹಾಸನಕ್ಕಾಗಿ ಹೋರಾಡುವ ಸ್ಟ್ಯಾನಿಸ್‌ನ ಪುಟ್ಟ ಮಗಳು ಶಿರೀನ್ ಕೂಡ ಇದುವರೆಗಿನ ಪುಸ್ತಕಗಳಲ್ಲಿ ಜೀವಂತವಾಗಿದ್ದಾಳೆ. ಧಾರಾವಾಹಿಯಲ್ಲಿ ಅವಳನ್ನು ಜೀವಂತ ಸುಡುವ ಆ ಬೆಂಕಿಯ ಕಲ್ಪನೆ ಮಾರ್ಟಿನ್‌ರಿಂದಲೇ ಬಂದದ್ದೆಂದು ನಿರ್ಮಾಪಕರು ಹೇಳಿದ್ದಾರೆ, ಆದರೂ ಅದನ್ನು ಎರಡನೆಯ ಸಲ ನೋಡುವ ಧೈರ್ಯ ನನಗಾಗಲಿಲ್ಲ.

ಕಾವಲುಪಡೆಯ ದಂಡನಾಯಕನಾದ ಜಾನ್ ಸ್ನೋಗೆ ಅವನ ಪಡೆಯವರೇ ಚೂರಿ ಹಾಕಿದ ಪ್ರಸಂಗವನ್ನು ಮಾತ್ರ ಹೇಳದೆ ಬಿಡಲಾರೆ. ನೀನು ನೋಡಿದ್ದರಲ್ಲಿ ಕೊನೆಯ ಇರಿತ ಆಲಿ ಎಂಬ ಹುಡುಗನದು, ಅವನ ಕಣ್ಣಿನಲ್ಲಿರುವುದು ದ್ವೇಷ. ಪುಸ್ತಕದಲ್ಲಿ ಆಲಿ ಇಲ್ಲ. 2011ರಲ್ಲಿ ಬಂದ ಐದನೆಯ ಪುಸ್ತಕದಲ್ಲಿ ಜಾನ್ ತಾನು ವಿಂಟರ್‌ಫೆಲ್ ಮೇಲೆ ದಂಡೆತ್ತಿ ಹೋಗುವುದಾಗಿ ತುಂಬಿದ ಸಭೆಯಲ್ಲಿ ಸಾರುತ್ತಾನೆ. ರಾಜರ ಜಗಳಕ್ಕೆ ಕೈಹಾಕಬಾರದೆಂಬ ಕಾವಲುಪಡೆಯ ಕಟ್ಟುಪಾಡನ್ನು ಹಾಗೆ ಅವನೇ ಮುರಿದ ಮೇಲೆ, ಬೋವೆನ್ ಮಾರ್ಷ್ ಚೂರಿ ಹಿಡಿದು ಬರುತ್ತಾನೆ, ಅವನ ಕೆನ್ನೆಗಳ ಮೇಲೆ ಕಣ್ಣೀರು ಇಳಿಯುತ್ತಿರುತ್ತದೆ. ಅಳುತ್ತಲೇ ಕೊಲ್ಲುವವನನ್ನು ದ್ವೇಷಿಸುವುದು ಸುಲಭವಲ್ಲ. ಕೊಂದವನದೂ ಸರಿ, ಸತ್ತವನದೂ ಸರಿ ಎಂಬ ಆ ಸಂಕಟ ಧಾರಾವಾಹಿಯಲ್ಲಿ ನನಗೆ ಸಿಗಲಿಲ್ಲ. 2015ರ ಜೂನ್‌ನಲ್ಲಿ ಸತ್ತ ಜಾನ್ ಪರದೆಯ ಮೇಲೆ 2016ರ ಮೇ ತಿಂಗಳಿನಲ್ಲಿ ಎದ್ದು ಕುಳಿತ. ಓದುಗರಿಗೆ ಅವನು ಇನ್ನೂ ಹಿಮದಲ್ಲಿ ಬಿದ್ದಿದ್ದಾನೆ, ಆರನೆಯ ಪುಸ್ತಕ ಇನ್ನೂ ಬಂದಿಲ್ಲ.

ಮೊದಲ ಮೂರು ಪುಸ್ತಕಗಳನ್ನು ಇವತ್ತು ಬೆಳಿಗ್ಗೆ ನಿನಗೆ ಕೊರಿಯರ್ ಮಾಡಿದ್ದೇನೆ. ಮೂರನೆಯದರ ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿವೆ, ಅವುಗಳನ್ನು ಲೆಕ್ಕಿಸಬೇಡ. ಒಂದೇ ಕೋರಿಕೆ: ಅದರ ಉಪಸಂಹಾರವನ್ನು ಮೊದಲೇ ತೆರೆದು ನೋಡಬೇಡ. ಧಾರಾವಾಹಿಯಲ್ಲಿ ಎಲ್ಲೂ ಇಲ್ಲದ ಒಂದು ಸಂಗತಿ ಆ ಕೆಲವು ಪುಟಗಳಲ್ಲಿದೆ, ಅದನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಅಲ್ಲಿಗೆ ತಲುಪಿದ ರಾತ್ರಿ, ಎಷ್ಟೇ ಹೊತ್ತಾಗಿದ್ದರೂ ಸರಿ, ನನಗೆ ಫೋನ್ ಮಾಡು.

ಇತಿ ನಿನ್ನ ಪ್ರೀತಿಯ ಗೆಳೆಯ