ಬೆನ್ನಿಗೆ ನಿಂತವರಿಗೆ ಒಂದು ಥ್ಯಾಂಕ್ಸ್

1780ರ ಕಾಲದ ಇಂಗ್ಲಿಷ್ ಗೌನ್ ಕೊನೆಗೂ ಮುಗಿಯಿತು. ಪೂರ್ತಿ ಕೈಹೊಲಿಗೆ. ಅದನ್ನು ತೊಟ್ಟು ಲಂಡನ್ನಿನ ಪಾರ್ಕಿನಲ್ಲಿ ಸುತ್ತಾಡಿದ ಫೋಟೊ ನೋಡಿ ಎಲ್ಲರೂ ಕೇಳಿದ್ದು ಒಂದೇ: ‘ಇಷ್ಟೊಂದು ಹೊಲಿಯೋಕೆ ತಾಳ್ಮೆ ಎಲ್ಲಿಂದ ಬಂತು?’ ನಿಜ ಹೇಳಬೇಕಂದ್ರೆ ಹೊಲಿಗೆಗಿಂತ ಜಾಸ್ತಿ ಹೊತ್ತು ಹಿಡಿದದ್ದು ಮೈಗೆ ಸರಿಯಾಗಿ ಕೂರಿಸುವ ಕೆಲಸ. ಅದು ಒಬ್ಬಳಿಂದ ಆಗುವಂಥದ್ದಲ್ಲ.

ಈ ಗೌನಿನ ಬೆನ್ನಿನ ನೆರಿಗೆಗಳು ಕುತ್ತಿಗೆಯಿಂದ ಸೊಂಟಕ್ಕೆ ಕಿರಿದಾಗುತ್ತಾ ಇಳಿದು, ಅಲ್ಲಿ ಬಟ್ಟೆ ಕತ್ತರಿಸದೆ ಹಾಗೇ ಲಂಗವಾಗಿ ಹರಡಿಕೊಳ್ಳುತ್ತವೆ. ತೊಡುವವಳ ಮೈಮೇಲೇ ಬಟ್ಟೆ ಹೊದಿಸಿ, ನೆರಿಗೆ ಮಡಚಿ, ಪಿನ್ ಚುಚ್ಚಬೇಕು. ನಮ್ಮ ಬೆನ್ನಿಗೆ ನಾವೇ ಪಿನ್ ಚುಚ್ಚಿಕೊಳ್ಳೋಕೆ ಆಗುತ್ತಾ? ಚಳಿಗಾಲವಿಡೀ ಭಾನುವಾರದ ನಿದ್ದೆ ಬಿಟ್ಟು ಬಂದು, ‘ಅಲ್ಲಾಡಬೇಡ ಕಣೇ’ ಅಂತ ಗದರಿಸುತ್ತಾ ನನ್ನ ಹಿಂದೆ ನಿಂತ ಗೆಳತಿಗೆ ಮೊದಲ ಥ್ಯಾಂಕ್ಸ್. ಎಡಗಡೆ ನೆರಿಗೆ ಕೂಡಿದರೆ ಬಲಗಡೆಯದು ಜಾರುತ್ತಿತ್ತು. ಮತ್ತೆ ಬಿಚ್ಚು, ಮತ್ತೆ ಚುಚ್ಚು. ಅವಳು ಬೇಸರ ಮಾಡಿಕೊಳ್ಳಲಿಲ್ಲ, ಚಹಾ ಮಾತ್ರ ಜಾಸ್ತಿ ಕೇಳಿದಳು!

ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ (ವಿ ಆಂಡ್ ಎ) ಮ್ಯೂಸಿಯಂನವರ ‘ಈಸ್ಟ್ ಸ್ಟೋರ್‌ಹೌಸ್’ ಎಂಬ ಸಂಗ್ರಹಾಗಾರ 2025ರಲ್ಲಿ ಶುರುವಾಯಿತು. ಮೊದಲೇ ಕೇಳಿಕೊಂಡರೆ ಸಂಗ್ರಹದಲ್ಲಿರುವ ವಸ್ತುವನ್ನು ಹೊರತೆಗೆದು ತೋರಿಸುತ್ತಾರೆ, ಅದೂ ಪುಕ್ಕಟೆಯಾಗಿ. ಹಳೇ ಗೌನಿನ ಒಳಮಗ್ಗುಲು ಕಂಡಿದ್ದೇ ನನಗೆ ಧೈರ್ಯ ಬಂತು. ರವಿಕೆ ಭಾಗದಲ್ಲಿ ಒತ್ತೊತ್ತಾದ ಹೊಲಿಗೆ, ಲಂಗದ ಉದ್ದ ಜೋಡಣೆಯಲ್ಲಿ ಮಾತ್ರ ಸರಸರ ಓಡಿಸಿದ ದೊಡ್ಡ ದೊಡ್ಡ ಹೊಲಿಗೆ! ಆಗ ಬಟ್ಟೆ ದುಬಾರಿ, ಹೊಲಿಯುವವರ ಕೂಲಿ ಅಗ್ಗ. ನಾಳೆ ಬಿಚ್ಚಿ ಬೇರೆ ಥರ ಹೊಲಿಯಬೇಕಾಗಬಹುದು ಅಂತ ಬಟ್ಟೆಯನ್ನು ಆದಷ್ಟು ಕಡಿಮೆ ಕತ್ತರಿಸುತ್ತಿದ್ದರು. ಅಲ್ಲಿನ ಸಿಬ್ಬಂದಿ ನನ್ನ ಮುಗಿಯದ ಪ್ರಶ್ನೆಗಳಿಗೆ ನಗುನಗುತ್ತಲೇ ಉತ್ತರಿಸಿದರು. ದೊಡ್ಡ ಉಪಕಾರ.

ಬಟ್ಟೆ ಕಳಿಸಿದ್ದು ಹುಬ್ಬಳ್ಳಿಯ ಚಿಕ್ಕಮ್ಮ. ಆಂಧ್ರ ಕರಾವಳಿಯ ಮಚಲಿಪಟ್ಟಣದ ಅಚ್ಚಿನ ಕಲಂಕಾರಿ. ಆ ಕರಾವಳಿಯ ಬಣ್ಣದ ಹತ್ತಿ ಬಟ್ಟೆಗೆ ಹಿಂದೆ ಇಂಗ್ಲೆಂಡಿನ ಹೆಂಗಸರು ಎಷ್ಟು ಮರುಳಾಗಿದ್ದರೆಂದರೆ, ತಮ್ಮ ನೇಕಾರರ ಗಲಾಟೆ ತಾಳಲಾರದೆ ಸರ್ಕಾರ 1721ರಲ್ಲಿ ಅಂಥ ಬಟ್ಟೆ ತೊಡುವುದನ್ನೇ ತಡೆಯುವ ಕಾನೂನು ತಂದಿತು. ಅದು ತೆರವಾದದ್ದು 1774ರಲ್ಲಿ. ನನ್ನ ಗೌನಿಗೆ ಕಾನೂನಿನ ಅಡ್ಡಿಯೇನಿಲ್ಲ ಬಿಡಿ.

ಸೂಜಿ ಹಿಡಿಯೋದನ್ನು ಕಲಿಸಿದ್ದೂ ಚಿಕ್ಕಮ್ಮನೇ, ಸೀರೆಗೆ ಫಾಲ್ ಹಚ್ಚುವಾಗ. ‘ದಾರ ಮೊಳಕ್ಕಿಂತ ಉದ್ದ ಬೇಡವ್ವ, ಗಂಟಾಗ್ತದ’ ಅನ್ನೋರು. ಲಂಗದ ಅಂಚು ಮಡಚಿದ್ದು ಅದೇ ಫಾಲ್ ಹೊಲಿಗೆಯಲ್ಲಿ. ದಾರಕ್ಕೆ ಜೇನುಮೇಣ ಸವರಿದ್ದಷ್ಟೇ ಇಲ್ಲಿ ಕಲಿತದ್ದು.

ಮನೆತುಂಬ ಬಿದ್ದ ಪಿನ್ನುಗಳನ್ನು ಕಾಲಿಗೆ ಚುಚ್ಚಿಸಿಕೊಂಡೂ ಸುಮ್ನಿದ್ದ ನಮ್ಮೆಜಮಾನರಿಗೂ ಥ್ಯಾಂಕ್ಸ್. ಈ ಗೌನಿಗೆ ಮುಂದೆ ಗುಂಡಿಯೂ ಇಲ್ಲ, ಹುಕ್ಕೂ ಇಲ್ಲ, ತೊಟ್ಟಾಗಲೆಲ್ಲ ಪಿನ್ನೇ ಗತಿ. ಹಾಗಾಗಿ ಅವರ ಕಷ್ಟ ಮುಗಿದಿಲ್ಲ.

ಗೆಳತಿ ಈಗ ತನಗೂ ಒಂದು ಬೇಕು ಅಂತ ನೀಲಿ ಬಟ್ಟೆ ತಂದಿಟ್ಟಿದ್ದಾಳೆ. ಮುಂದಿನ ಭಾನುವಾರದಿಂದ ಗದರಿಸುವ ಸರದಿ ನನ್ನದು.