ಗ್ಲೌಸ್ ಸರಿ ಇದೆ, ಕೈ ಸರಿ ಇಲ್ಲ ಎಂದ ಕಂಪನಿಗೆ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಕೈ ವ್ಯಾಯಾಮದ ಗೇಮ್ ಸೆಟ್ ವಾಪಸ್ ಪಡೆದು 38,500 ರೂಪಾಯಿ ಹಿಂತಿರುಗಿಸುವ ಬಗ್ಗೆ

ಮಾನ್ಯರೇ,

ಒಂಬತ್ತು ಸಲ ಫೋನ್ ಮಾಡಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಒಂಬತ್ತು ಸಲವೂ ಮರ್ಯಾದೆಯಿಂದಲೇ ಮಾತಾಡಿದ್ದೇನೆ. ಕರೆ ರೆಕಾರ್ಡ್ ಆಗುತ್ತದೆ ಅಂತ ನೀವೇ ಹೇಳುತ್ತೀರಲ್ಲ, ಕೇಳಿ ನೋಡಿ.

ಮೇ ತಿಂಗಳಲ್ಲಿ ಅಪ್ಪಯ್ಯನಿಗೆ ಸ್ಟ್ರೋಕ್ ಆಯಿತು. ಮಾತು ಬಂತು, ಕಾಲು ಬಂತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಕೂತಿದೆ. ಮಡಚಲು ಬರುತ್ತದೆ, ಬಿಚ್ಚಲು ಕಷ್ಟ. ಸ್ಟ್ರೋಕ್ ಆದವರಲ್ಲಿ ಇದು ಮಾಮೂಲು, ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಮೊದಲ ಕೆಲವು ತಿಂಗಳಲ್ಲೇ ಕೈ ಜಾಸ್ತಿ ಸುಧಾರಿಸುವುದು, ದಿನಕ್ಕೆ ನೂರಾರು ಸಲ ಬೆರಳು ಆಡಿಸಬೇಕು ಎಂದರು ಶಿವಮೊಗ್ಗದ ಫಿಸಿಯೋ. ತೀರ್ಥಹಳ್ಳಿ ಆಚೆಯ ನಮ್ಮೂರಿಂದ ಮಳೆಗಾಲದಲ್ಲಿ ದಿನಾ ಶಿವಮೊಗ್ಗಕ್ಕೆ ಹೋಗಿಬರುವುದು ಆಗದ ಮಾತು. ಅದಕ್ಕೇ ನಿಮ್ಮ ಗ್ಲೌಸು, ಟ್ಯಾಬು ತರಿಸಿದ್ದು. ಗ್ಲೌಸು ಹಾಕಿಕೊಂಡು ಬೆರಳು ಬಿಚ್ಚಿದರೆ ಟ್ಯಾಬಿನಲ್ಲಿ ಬುಟ್ಟಿ ತೆರೆದು ಮಾವಿನಹಣ್ಣು ಬೀಳುವ ಆಟ. “ಮಾವು ಬಿಟ್ಟು ಅಡಿಕೆ ಬೀಳ್ಸೋಕೆ ಆಗ್ತದಾ ಕೇಳು” ಅಂತ ಅಪ್ಪಯ್ಯ ನಕ್ಕಿದ್ದರು. ನಿಮ್ಮ ಸೆಟ್ಟಿನಿಂದ ಸಿಕ್ಕ ಉಪಯೋಗ ಅಷ್ಟೇ.

ಆಟ ಶುರುವಾಗುವುದೇ ಇಲ್ಲ. ಅದಕ್ಕೆ ಮೊದಲು ಕೈ ಪೂರ್ತಿ ಬಿಚ್ಚಿ ಮೂರು ಸೆಕೆಂಡ್ ಹಿಡಿಯಬೇಕಂತೆ. ನಿಮ್ಮ ಕೈಪಿಡಿಯ 12ನೇ ಪುಟದಲ್ಲಿ, ರೋಗಿಯ ಬೆರಳು ಎಷ್ಟು ಬಿಚ್ಚುತ್ತದೋ ಅಷ್ಟಕ್ಕೇ ಆಟ ಹೊಂದಿಕೊಳ್ಳುತ್ತದೆ ಎಂದಿದೆ. ಬರೆದವರು ನೀವೇ ಅಲ್ವಾ?

ಆಗಸ್ಟ್ 22ರ ಕರೆಗೆ ಬರುತ್ತೇನೆ. ಸ್ಪೀಕರ್ ಹಾಕಿದ್ದೆ, ಅಪ್ಪಯ್ಯ ಪಕ್ಕದಲ್ಲೇ ಕೂತಿದ್ದರು.

“ಪೇಷೆಂಟ್‌ಗೆ ಕೈ ಪೂರ್ತಿ ಓಪನ್ ಮಾಡೋಕೆ ಹೇಳಿ ಸರ್.”

“ಆಗಲ್ಲ, ಅದಕ್ಕೇ ನಿಮ್ಮ ಸೆಟ್ ತಗೊಂಡಿದ್ದು.”

“ಸ್ವಲ್ಪ ಟ್ರೈ ಮಾಡ್ಲಿ ಸರ್.”

ಅಪ್ಪಯ್ಯ ಟ್ರೈ ಮಾಡಿದರು. ಹಣೆಯಲ್ಲಿ ಬೆವರು ಬಂತು, ತೋರುಬೆರಳು ಒಂದಿಷ್ಟು ಎದ್ದಿತು. ಟ್ಯಾಬ್ ‘ಕೈ ಪತ್ತೆಯಾಗಿಲ್ಲ’ ಅಂದಿತು.

“ಇನ್ನೊಂದ್ ಕೈಗೆ ಹಾಕಿ ನೋಡಿ.”

“ಇದು ಬಲಗೈ ಗ್ಲೌಸು.”

“ಹೌದಾ? ಹಾಗಾದ್ರೆ ನೀವು ಹಾಕ್ಕೊಳ್ಳಿ ಸರ್.”

ಹಾಕಿಕೊಂಡೆ. ಆಡಿ ಅಂದರು, ಆಡಿದೆ. ಹೆಂಡತಿ, ಮಗಳು, ಹಾಲು ಕೊಡಲು ಬಂದಿದ್ದ ಪಕ್ಕದ ಮನೆಯಾಕೆ ಎಲ್ಲ ನೋಡುತ್ತಿರುವಾಗ ಐದು ನಿಮಿಷ ಮಾವಿನಹಣ್ಣು ಹಿಡಿದೆ.

“ನೋಡಿದ್ರಾ ಸರ್, ಡಿವೈಸ್ ಪರ್ಫೆಕ್ಟ್ ಇದೆ. ಪ್ರಾಬ್ಲಂ ಪೇಷೆಂಟ್ ಕೈಯಲ್ಲಿದೆ.”

ಎಂಥಾ ಸಂಶೋಧನೆ! ಅಪ್ಪಯ್ಯ ಏನೂ ಹೇಳಲಿಲ್ಲ. ಕೈಯನ್ನು ಪಂಚೆಯ ಮಡಿಕೆಯೊಳಗೆ ಇಟ್ಟುಕೊಂಡರು. ಅವತ್ತಿಂದ ನಾನು ಗ್ಲೌಸ್ ಹೊರಗೆ ತೆಗೆದರೆ ಸಾಕು, ಎದ್ದು ಜಗಲಿಗೆ ಹೋಗುತ್ತಾರೆ.

ಮರುದಿನ ಫಿಸಿಯೋ ಫೋನ್ ಮಾಡಿ ಅಭಿನಂದಿಸಿದರು. ನನ್ನ ಐದು ನಿಮಿಷದ ಆಟವನ್ನು ನಿಮ್ಮ ಆ್ಯಪ್ ಅಪ್ಪಯ್ಯನ ಹೆಸರಲ್ಲಿ ಅವರಿಗೆ ಕಳಿಸಿತ್ತು: 100ಕ್ಕೆ 94 ಅಂಕ. ಇದನ್ನು ತಿಳಿಸಿ ಹಣ ಕೇಳಿದರೆ ನಿಮ್ಮ ಉತ್ತರ ಹೀಗಿದೆ: ರೋಗಿ ಗುರಿ ಮುಟ್ಟಿರುವುದರಿಂದ ಹಣ ವಾಪಸಿಲ್ಲ. ಜೊತೆಗೆ, ಸೇವೆಗೆ ಐದು ಸ್ಟಾರ್ ಕೊಡಿ ಎಂಬ ಮೆಸೇಜು.

30 ದಿನದೊಳಗೆ ವಾಪಸ್ ಪಡೆಯುವ ನಿಯಮ ನಿಮ್ಮದು. ನಾನು ಮೊದಲ ಸಲ ಕೇಳಿದ್ದು ಆರನೇ ದಿನ. ಹೋದ ವಾರಗಳನ್ನು ನೀವು ಕೊಡಲಾರಿರಿ, ಹಣವನ್ನಾದರೂ ಕೊಡಿ. 15 ದಿನದೊಳಗೆ ಕೊಡದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ನಿಮ್ಮ ವಕೀಲರು ಘಟ್ಟ ಹತ್ತಿ ಬರಬೇಕಾಗುತ್ತದೆ. ಮಳೆ ಜಾಸ್ತಿ, ಕೊಡೆ ತರಲಿ.

ಅಪ್ಪಯ್ಯನೂ ಬರುತ್ತಾರೆ. ನೀವು 94 ಅಂಕ ಕೊಟ್ಟ ಕೈಯಿಂದ ಒಂದು ಲೋಟ ನೀರು ಎತ್ತಿಸಿ ತೋರಿಸಿ.

ಇಂತಿ,
ನಿಮ್ಮ ಗ್ರಾಹಕ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ