ಬೆನ್ನ ಮೇಲೆ ಬಿಡಿಸಿದ ನಕ್ಷೆ

ಮೊನ್ನೆ ಸೋಮವಾರ ಡಾಕ್ಟರು ಕಣ್ಣಿಗೆ ದೀಪ ಹಿಡಿದು ತುಂಬ ಹೊತ್ತು ನೋಡಿ, ‘ರೆಟಿನಾ ಚೆನ್ನಾಗಿ ಅಂಟಿಕೊಂಡಿದೆ, ಇನ್ನು ಓದಬಹುದು’ ಎಂದರು. ರೆಟಿನಾ ಎಂದರೆ ಕಣ್ಣೊಳಗೆ ಹಿಂಬದಿಯಲ್ಲಿ ಬೆಳಕು ಹಿಡಿಯುವ ತೆಳು ಪದರ. ಉಡುಪಿಯ ಮನೆಗೆ ಬಂದವಳೇ ಪುಸ್ತಕ ತೆಗೆದು ಒಂದೂವರೆ ಪುಟ ಓದಿದೆ. ಎಡಗಣ್ಣಿಗೆ ಅಕ್ಷರಗಳು ಸ್ವಲ್ಪ ಬಾಗಿದ ಹಾಗೆ ಕಾಣುತ್ತವೆ. ಆದರೆ ಕಾಣುತ್ತವೆ! ಆ ಒಂದೂವರೆ ಪುಟಕ್ಕಾಗಿ ನಾನು ಥ್ಯಾಂಕ್ಸ್ ಹೇಳಬೇಕಾದವರು ಕೆಲವರಿದ್ದಾರೆ. ಮನೆಯೊಳಗೆ ಹೇಳಿ ಮುಗಿಸುವುದು ನನಗೆ ಸಾಕಾಗಲಿಲ್ಲ.

ಆಟಿ ತಿಂಗಳ ಮಳೆ. ಎಡಗಣ್ಣಿನ ಅಂಚಿನಲ್ಲಿ ಮಿಂಚು ಹೊಡೆದ ಹಾಗೆ ಆಗುತ್ತಿತ್ತು. ಮಾರನೆಯ ದಿನ ಮಸಿ ಚಿಮುಕಿಸಿದಂತೆ ಕಪ್ಪು ಚುಕ್ಕೆಗಳು. ಮೊದಲು ತೋರಿಸಿದ ಕಡೆ ಪವರ್ ಬದಲಾಗಿರಬೇಕು ಎಂದು ಹೇಳಿ ಕಳಿಸಿದರು. ಎರಡು ದಿನ ಹಾಗೇ ಹೋಯಿತು. ಆಮೇಲೆ ಕೆಳಗಿನಿಂದ ಕಪ್ಪು ಪರದೆ ಏರತೊಡಗಿತು. ನನ್ನದು ಮೈನಸ್ ಒಂಬತ್ತರ ಕಣ್ಣು. ಇಷ್ಟು ಪವರ್ ಇದ್ದವರಿಗೆ ರೆಟಿನಾ ಹರಿದು ಕಳಚಿಕೊಳ್ಳುವ ಸಾಧ್ಯತೆ ಜಾಸ್ತಿ ಅಂತ ಆಗಲೇ ನನಗೆ ಗೊತ್ತಾದದ್ದು. ದಪ್ಪ ಕನ್ನಡಕದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ: ಮಿಂಚು, ಚುಕ್ಕೆ, ಪರದೆ ಕಂಡರೆ ಅದೇ ದಿನ ರೆಟಿನಾ ನೋಡುವ ಡಾಕ್ಟರ ಹತ್ತಿರ ಹೋಗಿ.

ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿದರು. ಆ ಗುಳ್ಳೆ ತೇಲಿ ರೆಟಿನಾವನ್ನು ಅದರ ಜಾಗಕ್ಕೆ ಒತ್ತಿ ಹಿಡಿಯಬೇಕು. ಅದಕ್ಕೆ ಮುಖ ಕೆಳಗೆ ಮಾಡಿ ಮಲಗಬೇಕು, ಹತ್ತು ದಿನ. ಗ್ಯಾಸ್ ಕರಗುವವರೆಗೆ ವಿಮಾನ ಹತ್ತುವಂತಿಲ್ಲ. ಎತ್ತರಕ್ಕೆ ಹೋದಂತೆ ಗುಳ್ಳೆ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದಂತೆ. ಆಗುಂಬೆ ಘಾಟಿ ಹತ್ತುವುದೂ ಬೇಡ ಎಂದರು. ತೀರ್ಥಹಳ್ಳಿಯ ತವರಿಗೆ ಹೋಗುವ ದಾರಿ ಮುಚ್ಚಿತು. ಅಮ್ಮನೇ ಘಾಟಿ ಇಳಿದು ಬಂದಳು.

ಈಗ ಗೆಳತಿಯರ ವಿಷಯ. ನಾವು ನಾಲ್ವರು ಮಂಗಳೂರಿನ ಹಾಸ್ಟೆಲಿನಲ್ಲಿ ಒಂದೇ ಪುಸ್ತಕವನ್ನು ಸರದಿಯಲ್ಲಿ ಓದಿದವರು. ಮಾಂತ್ರಿಕರು, ಡ್ರ್ಯಾಗನ್‌ಗಳು, ಇಲ್ಲದ ಊರುಗಳ ಕತೆ ಎಂದರೆ ನಮಗೆ ಊಟವೂ ಬೇಡ. ಆಮೇಲೆ ಒಬ್ಬಳು ಮಂಗಳೂರಿನಲ್ಲೇ ಬ್ಯಾಂಕಿಗೆ ಸೇರಿದಳು. ಒಬ್ಬಳು ಮದುವೆಯಾಗಿ ಕಾಪುವಿಗೆ ಬಂದಳು. ಒಬ್ಬಳು ನರ್ಸ್ ಆಗಿ ದುಬೈಗೆ ಹೋದಳು. ಕಾಪು ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಆದರೂ ನಾವು ಭೇಟಿಯಾಗದೆ ಆರು ವರ್ಷ ಆಗಿತ್ತು. ಹಬ್ಬಕ್ಕೊಂದು ಮೆಸೇಜ್, ಅಷ್ಟೇ.

ಮೂರನೆಯ ದಿನ ಕಾಪುವಿನವಳು ಪತ್ರೊಡೆ ಕಟ್ಟಿಕೊಂಡು ಬಂದಳು. ನಾನು ತಲೆ ಎತ್ತುವಂತಿಲ್ಲ. ನನಗೆ ಕಂಡದ್ದು ಅವಳ ಒದ್ದೆ ಪಾದ ಮಾತ್ರ. ‘ಓದಲಿಕ್ಕೂ ಆಗುದಿಲ್ಲ ಅಲ್ವಾ ಮಾರಾಯ್ತಿ’ ಎಂದಳು. ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ನನ್ನ ಬೆನ್ನ ಮೇಲೆ ಬೆರಳಿಟ್ಟು ಟೋಲ್ಕಿನ್‌ನ ಕತೆಗಳ ಕಾಲ್ಪನಿಕ ಲೋಕ ಮಿಡಲ್ ಅರ್ತ್‌ನ ನಕ್ಷೆ ಬಿಡಿಸತೊಡಗಿದಳು. ಎಡ ಭುಜದ ಹತ್ತಿರ ಶಾಯರ್. ಬೆನ್ನುಮೂಳೆಯ ಉದ್ದಕ್ಕೂ ಮಿಸ್ಟಿ ಮೌಂಟನ್ಸ್. ಸೊಂಟದ ಬಲಕ್ಕೆ, ನೋಯುತ್ತಿದ್ದ ಜಾಗದಲ್ಲೇ, ಮೊರ್ಡೋರ್. ‘ಲಾರ್ಡ್ ಆಫ್ ದ ರಿಂಗ್ಸ್’ 1954 ಮತ್ತು 1955ರಲ್ಲಿ ಮೂರು ಭಾಗವಾಗಿ ಬಂದಾಗ ಆ ನಕ್ಷೆ ಬರೆದದ್ದು ಟೋಲ್ಕಿನ್‌ನ ಮಗ ಕ್ರಿಸ್ಟೋಫರ್. ಹಾಸ್ಟೆಲಿನಲ್ಲಿ ಅದನ್ನು ಟ್ರೇಸಿಂಗ್ ಪೇಪರಿನಲ್ಲಿ ಇಳಿಸಿ ಗೋಡೆಗೆ ಅಂಟಿಸಿದ್ದವಳು ಇವಳೇ. ಇಷ್ಟು ವರ್ಷವಾದರೂ ಒಂದು ನದಿಯನ್ನೂ ಮರೆತಿರಲಿಲ್ಲ. ಆ ಹತ್ತು ದಿನ ಮುಗಿಯುವವರೆಗೂ ಅವಳು ದಿನಾ ಬಂದಳು. ಬೆನ್ನು ನೋವಿಗೆ ಮದ್ದಿಗಿಂತ ಆ ಬೆರಳು ಜಾಸ್ತಿ ಕೆಲಸ ಮಾಡಿತು.

ಮಂಗಳೂರಿನವಳು ಭಾನುವಾರಗಳಲ್ಲಿ, ಬ್ಯಾಂಕಿಗೆ ರಜೆ ಇರುವ ಶನಿವಾರಗಳಲ್ಲಿ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಬರುತ್ತಿದ್ದಳು. ಅವಳು ತಂದದ್ದು ಅರ್ಸುಲಾ ಲೆ ಗ್ವಿನ್‌ರ, ಅರ್ತ್‌ಸೀ ಎಂಬ ಕಾಲ್ಪನಿಕ ದ್ವೀಪಲೋಕದ ಪುಸ್ತಕಗಳನ್ನು. ಮೊದಲನೆಯದು 1968ರದ್ದು. ಅತ್ತೆಯೂ ಕೇಳುತ್ತಿದ್ದಾರೆ ಎಂದು ಗೊತ್ತಾದ ಮೇಲೆ ಇಂಗ್ಲಿಷ್ ಓದುತ್ತಾ ಅಲ್ಲೇ ಕನ್ನಡದಲ್ಲಿ ಹೇಳುತ್ತಾ ಹೋದಳು. ಅರ್ತ್‌ಸೀಯಲ್ಲಿ ಪ್ರತಿಯೊಂದಕ್ಕೂ ಒಂದು ನಿಜವಾದ ಹೆಸರಿದೆ, ಅದು ಗೊತ್ತಿದ್ದವನಿಗೆ ಅದರ ಮೇಲೆ ಹಿಡಿತ ಸಿಗುತ್ತದೆ ಎಂಬ ಮಾತು ಬಂತು. ಅತ್ತೆ ಬೀನ್ಸ್ ಮುರಿಯುವುದನ್ನು ನಿಲ್ಲಿಸಿ, ‘ಅದಕ್ಕೇ ಅಲ್ವಾ ರಾತ್ರಿ ಹಾವಿನ ಹೆಸರು ಹೇಳಬಾರದು, ಹುಳ ಅನ್ನಬೇಕು’ ಎಂದರು. ಇಪ್ಪತ್ತು ವರ್ಷದಿಂದ ಓದುತ್ತಿದ್ದ ಪುಸ್ತಕ. ಅದು ನಮ್ಮ ಅಂಗಳದಲ್ಲೂ ಇದೆ ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ಮೊದಲ ಪುಸ್ತಕದಲ್ಲಿ ಗೆಡ್ ಎಂಬ ಹುಡುಗ ಸೊಕ್ಕಿನಿಂದ ಒಂದು ನೆರಳನ್ನು ಬಿಡುಗಡೆ ಮಾಡುತ್ತಾನೆ. ಅದು ಅವನನ್ನು ಅಟ್ಟಿಸಿಕೊಂಡು ಬರುತ್ತದೆ. ಓಡಿ ಓಡಿ ಸುಸ್ತಾದಾಗ ಗುರು ಓಗಿಯನ್ ಹೇಳುತ್ತಾನೆ, ತಿರುಗಿ ನಿಲ್ಲು, ನೀನೇ ಅದನ್ನು ಹುಡುಕಿಕೊಂಡು ಹೋಗು ಎಂದು. ಬಲಗಣ್ಣಿನ ಅಂಚೂ ತೆಳುವಾಗಿದೆ, ಲೇಸರ್ ಹಾಕಿಸಿ ಎಂದು ಡಾಕ್ಟರು ಹೇಳಿದ್ದರು. ಹೆದರಿ ಮುಂದೂಡುತ್ತಿದ್ದೆ. ಆ ಅಧ್ಯಾಯ ಕೇಳಿದ ಮರುದಿನ ನಾನೇ ಫೋನ್ ಮಾಡಿ ದಿನ ಗೊತ್ತು ಮಾಡಿದೆ. ಓದಿದವಳಿಗೆ ಇದನ್ನು ಇವತ್ತಿನವರೆಗೂ ಹೇಳಿರಲಿಲ್ಲ.

ಲೆ ಗ್ವಿನ್ ಮೂರನೆಯ ಪುಸ್ತಕ ಬರೆದದ್ದು 1972ರಲ್ಲಿ. ನಾಲ್ಕನೆಯದು, ‘ತೆಹಾನು’, 1990ರಲ್ಲಿ ಬಂತು. ಅಷ್ಟು ವರ್ಷದ ನಂತರ ಅದೇ ದ್ವೀಪಕ್ಕೆ ಮರಳಿದಾಗ ಗೆಡ್‌ನ ಶಕ್ತಿಯೆಲ್ಲ ಖಾಲಿ. ಕತೆ ಆಡು, ಒಲೆ, ಅಡುಗೆಗೆ ಬಂದಿರುತ್ತದೆ. ಹಾಸ್ಟೆಲಿನಲ್ಲಿ ನಮಗೆ ಇದು ಸಪ್ಪೆ ಅನಿಸಿತ್ತು. ಈಗ ನಾಲ್ಕರಲ್ಲಿ ನನಗೆ ಇದೇ ದೊಡ್ಡ ಪುಸ್ತಕ. ಇದರಲ್ಲಿ ಓಗಿಯನ್ ಸಾಯುತ್ತಾನೆ, ಅವನು ಮಗಳಂತೆ ನೋಡಿಕೊಂಡಿದ್ದ ಟೆನಾರ್ ಪಕ್ಕದಲ್ಲಿ ಕೂತಿರುತ್ತಾಳೆ. ಅಲ್ಲಿಗೆ ಬಂದಾಗ ಮಂಗಳೂರಿನವಳ ಧ್ವನಿ ನಿಂತಿತು. ನನಗೆ ಅವಳ ಮುಖ ಕಾಣುವಂತಿರಲಿಲ್ಲ. ಅಪ್ಪ ಹೋದ ರಾತ್ರಿ ತಾನೊಬ್ಬಳೇ ಹಾಸಿಗೆ ಪಕ್ಕ ಕೂತಿದ್ದೆ ಎಂದಳು. ಎರಡು ವರ್ಷದ ಹಿಂದಿನ ಮಾತು. ಆಗ ನಾನು ಫೋನಿನಲ್ಲಿ ಎರಡು ಸಾಲು ಕಳಿಸಿ ಸುಮ್ಮನಾಗಿದ್ದೆ. ಅವತ್ತು ಓದು ಮುಂದೆ ಹೋಗಲಿಲ್ಲ. ಅವಳು ಅಪ್ಪನ ಬಗ್ಗೆ ಹೇಳಿದಳು, ನಾನು ಕೇಳಿದೆ. ನನಗೆ ಓದಿ ಹೇಳಿದ್ದಕ್ಕಿಂತ ಆ ಮಧ್ಯಾಹ್ನಕ್ಕೆ ನಾನು ಅವಳಿಗೆ ಹೆಚ್ಚು ಋಣಿ.

ದುಬೈಯವಳು ನೈಟ್ ಡ್ಯೂಟಿ ಮುಗಿಸಿ ದಿನಾ ಬೆಳಿಗ್ಗೆ ಒಂದು ವಾಯ್ಸ್ ಮೆಸೇಜ್ ಹಾಕುತ್ತಿದ್ದಳು. ಅವಳಿಗೆ ಲೇಖಕ ಟೆರ್ರಿ ಪ್ರಾಟ್ಚೆಟ್ ಎಂದರೆ ಪ್ರಾಣ, ಅವರ ಡಿಸ್ಕ್‌ವರ್ಲ್ಡ್ ಸರಣಿಯ 41 ಕಾದಂಬರಿಗಳನ್ನೂ ಓದಿದ್ದಾಳೆ. 2007ರಲ್ಲಿ ಅವರಿಗೆ ಆಲ್ಝೈಮರ್‌ನ ಅಪರೂಪದ ಬಗೆ ಇದೆ ಎಂದು ಗೊತ್ತಾಯಿತು. ಅದು ಮೆದುಳಿನಲ್ಲಿ ನೋಟಕ್ಕೆ ಸಂಬಂಧಿಸಿದ ಭಾಗಕ್ಕೇ ಪೆಟ್ಟು ಕೊಡುವಂಥದ್ದು. ಟೈಪ್ ಮಾಡಲಾಗದೆ ಹೋದಾಗ ಹೇಳಿ ಬರೆಸಿದರು. ಅದನ್ನು ಹೇಳಿ, ‘ಕಿವಿ ಉಂಟಲ್ಲ, ಕೇಳು’ ಎಂದು ಒಂದೊಂದು ತುಣುಕು ಓದುತ್ತಿದ್ದಳು. ಹಿಂದೆ ಆಸ್ಪತ್ರೆಯ ಲಿಫ್ಟಿನ ಸದ್ದು ಕೇಳುತ್ತಿತ್ತು.

ಗುಳ್ಳೆ ಕರಗುವಾಗ ಕಣ್ಣಲ್ಲಿ ಒಂದು ಗೆರೆ ಕಾಣುತ್ತದೆ. ಮಲ್ಪೆಯಲ್ಲಿ ಸಮುದ್ರದ ಅಂಚು ಕಂಡ ಹಾಗೆ. ಅದರ ಮೇಲೆ ಬೆಳಕು, ಕೆಳಗೆ ಕಲಕಿದ ನೀರು. ದಿನದಿನಕ್ಕೆ ಗೆರೆ ಇಳಿಯಿತು. ಅಷ್ಟಮಿಯ ತಾಸೆಯ ಬಡಿತ ಬೀದಿಯಲ್ಲಿ ಕೇಳುವ ಹೊತ್ತಿಗೆ ಒಂದು ಪುಟ್ಟ ಗುಂಡು ಉಳಿದಿತ್ತು. ಹುಲಿವೇಷದವರು ಗೇಟಿನ ಹತ್ತಿರ ಕುಣಿದು ಹೋದ ಮರುದಿನ ಅದೂ ಇರಲಿಲ್ಲ.

ಊಟ ನೆಲದ ಹತ್ತಿರವೇ ತಂದಿಟ್ಟ ಅಮ್ಮನಿಗೆ, ರಾತ್ರಿಯೆಲ್ಲ ಎದ್ದೆದ್ದು ನನ್ನ ತಲೆ ತಿರುಗದಂತೆ ನೋಡಿಕೊಂಡ ಗಂಡನಿಗೆ, ಹಂಪ್ ಬಂದಾಗೆಲ್ಲ ಆಟೋ ನಿಲ್ಲಿಸಿ ನಿಧಾನ ದಾಟಿಸಿದ ಅಣ್ಣನಿಗೆ ನಮಸ್ಕಾರ.

ಇನ್ನು ನೀವು ಮೂವರು. ‘ತೆಹಾನು’ವಿನ ಕೊನೆಯ ಅಧ್ಯಾಯವನ್ನು ಓದದೆ, ಇದು ನಿನ್ನ ಪಾಲು ಎಂದು ಇಟ್ಟು ಹೋಗಿದ್ದೀರಿ. ನಾನು ಮೊನ್ನೆ ಓದಿದ ಒಂದೂವರೆ ಪುಟ ಅದರದ್ದೇ. ಮುಂದೆ ಓದದೆ ನಿಲ್ಲಿಸಿದ್ದೇನೆ. ಟೆನಾರ್‌ಗೆ ಏನಾಯಿತು ಎಂದು ಅತ್ತೆ ದಿನಾ ಕೇಳುತ್ತಿದ್ದಾರೆ. ಈ ಭಾನುವಾರ ಬನ್ನಿ, ಗೋಳಿಬಜೆ ಮಾಡುತ್ತೇನೆ. ದುಬೈಯವಳು ಫೋನಿನಲ್ಲಿ ಇರಲಿ. ನೀವು ಕೂತು ಕೇಳಿ, ಇನ್ನುಳಿದದ್ದನ್ನು ನಾನು ಓದುತ್ತೇನೆ.